ಬಾಯಿ ಮುಚ್ಚದ ನೆಲ

ಹೊನ್ನಾಳಿ–ನ್ಯಾಮತಿಯ ಹಳೆಯ ಚಿನ್ನದ ಗುಂಡಿಗಳಿಂದ ಜಗಳೂರು–ಚನ್ನಗಿರಿಯ ಬತ್ತಿದ ಬೋರ್‌ಗಳವರೆಗೆ: ಅಗೆಯುವುದಕ್ಕೆ ಮುಹೂರ್ತ ಇಡುವ ನಾವು ಮುಚ್ಚುವುದಕ್ಕೆ ಯಾಕೆ ಇಡುವುದಿಲ್ಲ?

ಮೆಕ್ಕೆಜೋಳ ಕೊಯ್ದು ಬರಿದಾದ ಹೊಲ. ಜಗಳೂರು ಸೀಮೆಯ ಕೆಂಪು ನೆಲ. ಬದುವಿನಿಂದ ಹತ್ತು ಹೆಜ್ಜೆ ಒಳಗೆ ಒಂದು ಚಪ್ಪಡಿ ಕಲ್ಲು ಬಿದ್ದಿತ್ತು. ಗೊತ್ತಿಲ್ಲದವರು ಕೂರುವುದಕ್ಕೆ ಹಾಕಿದ್ದೆಂದುಕೊಳ್ಳಬೇಕು, ಹಾಗಿತ್ತು. ಹೊಲದ ಯಜಮಾನರು ಅದನ್ನು ಕಾಲಲ್ಲೇ ಸರಿಸಿದರು. ಕೆಳಗೆ ಗೊಬ್ಬರದ ಖಾಲಿ ಚೀಲ. ಬಿಸಿಲು ತಿಂದು, ಮುಟ್ಟಿದರೆ ಎಳೆ ಎಳೆಯಾಗಿ ಬಿಡುತ್ತಿತ್ತು. ಚೀಲದ ಕೆಳಗೆ ಕತ್ತಲು.

ಅವರು ಒಂದು ಹರಳು ಎತ್ತಿ ಒಳಗೆ ಬಿಟ್ಟರು. ಗೋಡೆಗೆ ತಾಗುತ್ತಾ ಟಕ್, ಟಕ್ ಎಂದು ಇಳಿದ ಸದ್ದು ಸಣ್ಣದಾಗುತ್ತಾ ಹೋಗಿ ಎಲ್ಲೋ ಕಳೆದುಹೋಯಿತು. ನೀರಿಗೆ ಬಿದ್ದ ಸದ್ದು ಬರಲೇ ಇಲ್ಲ.

‘ಆರ್ನೂರಡಿ ಸಾರ್. ಬರೀ ಧೂಳು ಬಂತು.’

‘ಕೇಸಿಂಗ್ ಪೈಪು?’

‘ಅವತ್ತೇ ಕಿತ್ಕಂಡು ಆ ಕಡೆ ಪಾಯಿಂಟಿಗೆ ಹಾಕಿದ್ವಿ. ಅದೂ ಫೇಲು.’

‘ಮುಚ್ಚಿಬಿಡಬಹುದಿತ್ತಲ್ಲ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಒಳ್ಳೆ ಮಳೆ ಆದ್ರೆ ನೀರು ಬಂದ್ರೂ ಬರ್ಬೋದು ಅಂತ. ಗಂಗಮ್ಮನ ಬಾಗ್ಲು ನೋಡ್ರಿ, ಗೋಡೆ ಎತ್ತಾಕೆ ಮನಸ್ಸು ಬರಲ್ಲ.’

ತೆರೆದ ಕೊಳವೆಬಾವಿಯ ಸುದ್ದಿ ಬಂದಾಗಲೆಲ್ಲ ನಾವು ‘ನಿರ್ಲಕ್ಷ್ಯ’ ಎಂದು ಬರೆದು ಮುಗಿಸುತ್ತೇವೆ. ಆ ಹೊಲದಲ್ಲಿ ನಿಂತಾಗ ನನಗೆ ಕಂಡದ್ದು ನಿರ್ಲಕ್ಷ್ಯಕ್ಕಿಂತ ಹೆಚ್ಚಾಗಿ ಆಸೆ. ಮುಚ್ಚಿದರೆ ಸೋತಂತೆ. ಸಾಲ ತಂದು ಕೊರೆಸಿದ್ದು ದಂಡವಾಯಿತೆಂದು ತನ್ನ ಕೈಯಾರೆ ಮಣ್ಣು ಹಾಕಿ ಒಪ್ಪಿಕೊಂಡಂತೆ. ಆದ್ದರಿಂದ ಕಲ್ಲು ಅಡ್ಡ ಇಡುತ್ತೇವೆ, ಚೀಲ ತುರುಕುತ್ತೇವೆ, ಜಾಲಿಮುಳ್ಳು ಎಳೆಯುತ್ತೇವೆ. ಅದು ಪೂರ್ತಿ ಮುಚ್ಚಿದ್ದೂ ಅಲ್ಲ, ತೆರೆದದ್ದೂ ಅಲ್ಲ. ಈ ಅಡ್ಡಕಸುಬಿಗೆ ನಮ್ಮ ಜಿಲ್ಲೆಯಲ್ಲಿ ನೂರು ವರ್ಷಕ್ಕಿಂತ ಹಳೆಯ ಪರಂಪರೆಯಿದೆ. ಅದು ಶುರುವಾದದ್ದು ನೀರಿನಿಂದಲ್ಲ, ಚಿನ್ನದಿಂದ.

ಹೊನ್ನಿನ ಜಾಡು

ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ. ಹೆಸರು ಹೇಗೆ ಬಂತೆಂಬುದಕ್ಕೆ ಹೇಳುವವರಷ್ಟೇ ಕತೆಗಳಿವೆ. ನೆಲದಲ್ಲಿ ಚಿನ್ನದ ಎಳೆ ಇರುವುದು ಮಾತ್ರ ಕತೆಯಲ್ಲ. ತುಂಗಭದ್ರೆಯ ದಡದ ಈ ಊರಿನ ಸುತ್ತ ಬಹಳ ಹಳೆಯ ಕಲ್ಲು ಗುಮ್ಮಟದಂತೆ ಎದ್ದು ನಿಂತಿದೆ. ಭೂವಿಜ್ಞಾನಿಗಳು ಇದನ್ನು ‘ಹೊನ್ನಾಳಿ ಡೋಮ್’ ಎನ್ನುತ್ತಾರೆ. ಅದರ ಆಸುಪಾಸಿನ ಪದರುಕಲ್ಲಿನಲ್ಲಿ ಬಿಳಿ ಬೆಣಚುಕಲ್ಲಿನ ಎಳೆಗಳು ಹಾಯ್ದಿವೆ, ಆ ಎಳೆಗಳಲ್ಲಿ ಅಲ್ಲಲ್ಲಿ ಚಿನ್ನ. ನ್ಯಾಮತಿ ಸುತ್ತಿನ ಪಲವನಹಳ್ಳಿ, ಕುದುರೆಕೊಂಡದ ಹೆಸರುಗಳು ಮೈಸೂರು ಸೀಮೆಯ ಚಿನ್ನದ ಕುರಿತ ಹಳೆಯ ಬರಹಗಳಲ್ಲಿ ಬರುವುದು ಈ ಕಾರಣಕ್ಕೆ.

1880ರ ಹೊತ್ತಿಗೆ ವೈನಾಡು, ಕೋಲಾರದ ಚಿನ್ನದ ಗುಂಗು ಲಂಡನ್ನಿನ ಷೇರುಪೇಟೆಗೆ ಹತ್ತಿತ್ತು. ಕೋಲಾರದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲೂರಿತು. ಮದರಾಸಿನ ಪಲ್ಲಾವರದಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹೆಕ್ಕಿ ಹೆಸರಾಗಿದ್ದ ರಾಬರ್ಟ್ ಬ್ರೂಸ್ ಫೂಟ್, ಮೈಸೂರು ಸಂಸ್ಥಾನದ ಚಿನ್ನದ ಜಾಡುಗಳನ್ನೂ ಸುತ್ತಿ ವರದಿ ಬರೆದರು. 1894ರಲ್ಲಿ ಸಂಸ್ಥಾನಕ್ಕೆ ತನ್ನದೇ ಭೂವಿಜ್ಞಾನ ಇಲಾಖೆಯೂ ಬಂತು. ಆ ಅಲೆಯಲ್ಲಿ ಹೊನ್ನಾಳಿ ಸೀಮೆಯಲ್ಲೂ ಗುಂಡಿ ಬಿದ್ದವು. ಕೋಲಾರದ ಅದೃಷ್ಟ ಇಲ್ಲಿಗೆ ಒಲಿಯಲಿಲ್ಲ. ಬಂದವರು ಹೋದರು, ಗುಂಡಿ ಉಳಿದವು.

ಚಿನ್ನದ ಗಣಿಯ ಗುಣವೇ ಅದು. ಇಂದು ಲಾಭವಿಲ್ಲವೆಂದು ಬಿಟ್ಟದ್ದು, ನಾಳೆ ಚಿನ್ನದ ದರ ಏರಿದರೆ ಮತ್ತೆ ಕಣ್ಣು ಕುಕ್ಕುತ್ತದೆ. ಹಾಗಾಗಿ ಕಲ್ಲು ಮಣ್ಣು ತುಂಬಿ ಕೈತೊಳೆದುಕೊಳ್ಳುವ ಮನಸ್ಸು ಗಣಿ ಬಿಟ್ಟವರಿಗೂ ಸುಲಭಕ್ಕೆ ಬರುವುದಿಲ್ಲ. ಕಂಪನಿಯ ಲೆಕ್ಕಪತ್ರದಲ್ಲಿರುವ ಆಸೆಗೂ ಜಗಳೂರಿನ ಯಜಮಾನರ ಆಸೆಗೂ ಅಂಥ ವ್ಯತ್ಯಾಸ ನನಗೆ ಕಾಣಲಿಲ್ಲ.

ಆ ಆಸೆಯ ದೊಡ್ಡ ರೂಪ ನೋಡಬೇಕೆಂದರೆ ಕೋಲಾರಕ್ಕೇ ಹೋಗಬೇಕು. ಕೆಜಿಎಫ್‌ನ ಗಣಿ ನಿಂತದ್ದು 2001ರ ಫೆಬ್ರುವರಿ 28ರಂದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಮತ್ತೆ ತೆರೆಯುವ ಮಾತು ಚುನಾವಣೆಗೊಮ್ಮೆ ಬರುತ್ತದೆ, ಹೋಗುತ್ತದೆ. ನಡುವೆ 2020ರ ಮೇ ತಿಂಗಳಲ್ಲಿ ನಿಂತ ಗಣಿಯೊಳಗೆ ಕದ್ದು ಇಳಿದವರ ಪೈಕಿ ಮೂವರು ಉಸಿರುಕಟ್ಟಿ ಸತ್ತರು. ಹಳೆ ಬಾವಿಗೆ ಇಳಿಯುವ ಮುಂಚೆ ನಮ್ಮ ಹಿರಿಯರು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಕೆಟ್ಟ ಗಾಳಿ, ಇಳಿಯಬೇಡ ಎಂದು ಅರ್ಥ. ಬಿಟ್ಟ ಗಣಿಗೂ ಅದೇ ನಿಯಮ. ಬಿದ್ದರಷ್ಟೇ ಸಾವಲ್ಲ, ಬೀಳದೆ ನೆಟ್ಟಗೆ ಇಳಿದವನನ್ನೂ ಗಾಳಿ ಕೊಲ್ಲುತ್ತದೆ.

ಗಣಿಬಾವಿಗೆ ಮುಚ್ಚಳ ಹಾಕುವ ಬಗೆ

ಕೆಜಿಎಫ್‌ಗೆ ಮೇಸ್ತ್ರಿಗಳನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆ ಈ ವಿದ್ಯೆಯನ್ನು ಪೆಟ್ಟು ತಿಂದು ಕಲಿತಿದೆ. ಅಲ್ಲಿ ಹಳಬರು ತವರದ ಗಣಿ ಬಿಟ್ಟು ಹೋಗುವಾಗ ಬಾಯಿಗೆ ಮರದ ತೊಲೆ ಅಡ್ಡ ಹಾಸಿ, ಮೇಲೆ ಮಣ್ಣು ಹರಡಿ ಹೋಗುತ್ತಿದ್ದರು. ಹುಲ್ಲು ಬೆಳೆಯಿತು, ಜನ ಮರೆತರು, ಮೇಲೆ ತೋಟ ಆಯಿತು, ಮನೆ ಎದ್ದಿತು. ಕಾಲ ಕಳೆದು ತೊಲೆ ಕೊಳೆತ ದಿನ ನೆಲ ಬಾಯಿ ತೆರೆಯಿತು. ಜಗಳೂರಿನ ಚಪ್ಪಡಿ ಮತ್ತು ಗೊಬ್ಬರದ ಚೀಲ ಆ ತೊಲೆಗಳ ಬಡ ತಮ್ಮಂದಿರು.

ಗಣಿಬಾವಿ ಮುಚ್ಚುವುದಕ್ಕೆ ಸ್ಥೂಲವಾಗಿ ಎರಡು ದಾರಿ. ಒಂದು, ತಳದಿಂದ ತುಂಬುವುದು. ಕಸ, ಮರ, ಹಳೆ ಟೈರು ಹಾಕುವಂತಿಲ್ಲ. ಅವು ಕೊಳೆತು ಕುಸಿದರೆ ಮೇಲಿನದೂ ಕುಸಿಯುತ್ತದೆ. ಕರಗದ, ಕೊಳೆಯದ, ನೀರು ಬಸಿದುಹೋಗುವ ಗಟ್ಟಿ ಕಲ್ಲೇ ಬೇಕು. ಪಕ್ಕಕ್ಕೆ ಒಡೆದ ಸುರಂಗಗಳಿದ್ದರೆ ತುಂಬಿದ ಕಲ್ಲು ಅತ್ತ ಜಾರುತ್ತದೆ, ಆದ್ದರಿಂದ ಒಳನಕ್ಷೆ ಗೊತ್ತಿರಬೇಕು. ಇನ್ನೊಂದು, ಬಾಯಿಗೆ ಕಬ್ಬಿಣದ ಸರಳಿನ ಕಾಂಕ್ರೀಟ್ ಮುಚ್ಚಳ ಕಟ್ಟುವುದು. ಅದು ಮೇಲ್ಮಣ್ಣಿನ ಮೇಲೆ ಕೂತರೆ ಸಾಲದು. ಮಣ್ಣು ಬಗೆದು ಗಟ್ಟಿಕಲ್ಲು ಸಿಗುವಲ್ಲಿ ಕೂರಬೇಕು. ಬಾಯಿ ಎಷ್ಟು ಅಗಲವೋ ಅದರ ಎರಡು ಪಟ್ಟು ಅಗಲ ಇರಬೇಕೆಂಬುದು ಬ್ರಿಟನ್ನಿನ ಎಂಜಿನಿಯರುಗಳ ರೂಢಿ. ಒಳಗಿನ ಗಾಳಿ ಹೊರಬರಲು ಕೊಳವೆ, ಎಲ್ಲಕ್ಕಿಂತ ಮೇಲೆ ಒಂದು ಗುರುತು ಫಲಕ. ಬಾವಲಿ ವಾಸವಿದ್ದರೆ ಮುಚ್ಚಳದ ಬದಲು ಕಬ್ಬಿಣದ ಸರಳಿನ ಜಾಲರಿ ಹಾಕುವ ಕ್ರಮವೂ ಇದೆ. ಮನುಷ್ಯ ಒಳಗೆ ಹೋಗುವಂತಿಲ್ಲ, ಬಾವಲಿ ಹೊರಗೆ ಬರಬಹುದು.

ಗುರುತಿನ ಮಾತು ಸಣ್ಣದಲ್ಲ. ಬ್ರಿಟನ್ನಿನಲ್ಲಿ ಗಣಿ ಬಿಡುವವರು ಅದರ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು 1872ರಲ್ಲೇ ಕಾನೂನಾಯಿತು. ಮುಚ್ಚುವುದು ಅರ್ಧ ಕೆಲಸ, ಎಲ್ಲಿ ಮುಚ್ಚಿದ್ದೇವೆಂದು ಬರೆದಿಡುವುದು ಉಳಿದರ್ಧ. ನಮ್ಮಲ್ಲಿ ಗಣಿ ಮುಚ್ಚುವ ಯೋಜನೆ ಕಡ್ಡಾಯವಾದದ್ದು 2003ರಲ್ಲಿ. ಈಗ ಗಣಿಯ ಗುತ್ತಿಗೆ ಹಿಡಿದವರು ಅಗೆಯುವ ಯೋಜನೆಯ ಜೊತೆಗೇ ಮುಚ್ಚುವ ಯೋಜನೆ ಕೊಡಬೇಕು, ಅದಕ್ಕೆ ಹಣದ ಖಾತರಿಯನ್ನೂ ಮುಂಗಡವಾಗಿ ಇಡಬೇಕು. ಹೊನ್ನಾಳಿಯಲ್ಲಿ ಗುಂಡಿ ತೋಡಿದವರಿಗೆ ಇಂಥ ಕಟ್ಟುಪಾಡು ಇರಲಿಲ್ಲ.

‘ಅಗೆಯುವ ಮುಂಚೆಯೇ ಮುಚ್ಚುವ ದುಡ್ಡು ಎತ್ತಿಡು’ ಎಂಬ ಈ ಒಂದು ಮಾತನ್ನು ಗಣಿಯಿಂದ ಹೊಲಕ್ಕೆ ಇಳಿಸಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿದ್ದರು.

ಆರೂವರೆ ಇಂಚಿನ ಗಣಿ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯ ಮಡಿಲಿನಿಂದ ಇಳಿದು ಬೇರೆ ತಾಲ್ಲೂಕಾದದ್ದು ತೀರ ಈಚೆಗೆ. ಒಂದೇ ಜಿಲ್ಲೆ, ನೀರಿನ ಹಣೆಬರಹ ಮಾತ್ರ ಬೇರೆ ಬೇರೆ. ಹೊನ್ನಾಳಿಗೆ ಹೊಳೆಯಿದೆ, ನಾಲೆಯಿದೆ. ಚನ್ನಗಿರಿಗೆ ಸೂಳೆಕೆರೆ ಎಂಬ ಶಾಂತಿಸಾಗರವಿದೆ, ಭದ್ರಾ ನಾಲೆಯೂ ಇದೆ; ಆದರೂ ನಾಲೆ ಮುಟ್ಟದ ಕಡೆಗೂ ಅಡಿಕೆ ಹಬ್ಬಿದ್ದು ಬೋರ್ ನೀರನ್ನು ನಂಬಿ. 2023–24ರ ಬರದಲ್ಲಿ ಅಡಿಕೆ ಮರಗಳಿಗೆ ಟ್ಯಾಂಕರ್ ನೀರು ಹೊಯ್ದದ್ದು ಈ ತಾಲ್ಲೂಕಿನ ಹಸಿ ನೆನಪು. ಜಗಳೂರಿಗೆ ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ, ಹಳೆಯ ನಾಲೆಯೂ ಇಲ್ಲ. ಕೊಂಡುಕುರಿ ಬದುಕುವ ರಂಗಯ್ಯನದುರ್ಗದ ಕುರುಚಲು ಕಾಡು ನೋಡಿದರೇ ಅಲ್ಲಿನ ಮಳೆಯ ಅಂದಾಜು ಸಿಗುತ್ತದೆ. ತುಂಗಭದ್ರೆಯ ನೀರು ಏರಿಸಿ 57 ಕೆರೆ ತುಂಬಿಸುವ ಯೋಜನೆಗೆ ಆ ಸೀಮೆ ವರ್ಷಗಟ್ಟಲೆ ಕಾದಿತು. ಕಾಯುವಾಗ ರೈತ ಸುಮ್ಮನೆ ಕೂರಲಿಲ್ಲ, ಕೊರೆಸಿದ.

ಕೊರೆಸುವುದೊಂದು ಹಬ್ಬ. ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಬೇವಿನ ಕವಲು ಹಿಡಿದೋ ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತಲ್ಲಿ ಪಾಯಿಂಟ್. ತಿರುಚೆಂಗೋಡಿನ ನಂಬರಿನ ಬೋರ್ ಲಾರಿ ಸಂಜೆಗೆ ಬರುತ್ತದೆ. ಗಂಗಮ್ಮನಿಗೆ ಅರಿಸಿನ ಕುಂಕುಮ, ಊದುಬತ್ತಿ, ಒಡೆದ ಕಾಯಿ. ರಾತ್ರಿಯಿಡೀ ಕಂಪ್ರೆಸರ್ ಅಬ್ಬರಿಸುತ್ತದೆ. ಅಡಿಗೊಂದು ದರ. ಆಳಕ್ಕೆ ಇಳಿದಂತೆ ದರ ಏರುತ್ತದೆ, ಮನೆಯವರ ಮುಖ ಇಳಿಯುತ್ತದೆ. ನೀರು ಚಿಮ್ಮಿದರೆ ಸಿಹಿ ಹಂಚುತ್ತಾರೆ. ಬರೀ ಧೂಳು ಹಾರಿದರೆ ಲಾರಿ ಬೆಳಗಾಗುವ ಮುಂಚೆ ಹೊರಟುಹೋಗುತ್ತದೆ, ಇನ್ನೊಂದು ಊರಿನಲ್ಲಿ ಪಾಯಿಂಟ್ ಕಾದಿರುತ್ತದೆ. ಉಳಿದದ್ದು ಒಂದು ಗುಡ್ಡೆ ಬೂದಿಬಣ್ಣದ ಕಲ್ಲುಪುಡಿ ಮತ್ತು ಒಂದು ತೂತು.

ಆ ತೂತಿಗೆ ಮಗು ಹೇಗೆ ಹಿಡಿಸುತ್ತದೆ? ಈ ಪ್ರಶ್ನೆಗೆ ಉತ್ತರ ಕೇಸಿಂಗ್ ಪೈಪಿನಲ್ಲಿದೆ. ಗಟ್ಟಿಕಲ್ಲಿನಲ್ಲಿ ಕೊರೆಯುವ ತೂತು ಸಾಮಾನ್ಯವಾಗಿ ಆರೂವರೆ ಇಂಚು. ಆದರೆ ಮೇಲಿನ ಸಡಿಲ ಮಣ್ಣಿನ ಭಾಗದಲ್ಲಿ ಕೇಸಿಂಗ್ ಇಳಿಸಬೇಕಲ್ಲ, ಅಲ್ಲಿ ಇನ್ನೂ ಅಗಲಕ್ಕೆ ಕೊರೆಯುತ್ತಾರೆ. ಬೋರ್ ಫೇಲಾದರೆ, ಪೈಪಿನ ಬೆಲೆ ದುಬಾರಿಯಾದ್ದರಿಂದ ಅದನ್ನು ಕಿತ್ತು ಮುಂದಿನ ಪಾಯಿಂಟಿಗೆ ಒಯ್ಯುತ್ತಾರೆ. ಪೈಪು ಹೋದ ಬಾಯಿಗೆ ಆಧಾರವಿಲ್ಲ. ಒಂದು ಮಳೆಗೆ ಅಂಚು ಜರಿಯುತ್ತದೆ, ಇನ್ನೊಂದು ಮಳೆಗೆ ಲಾಳಿಕೆಯ ಆಕಾರ ಬರುತ್ತದೆ. ಅಂಚಿನಲ್ಲಿ ನಿಂತ ಪುಟ್ಟ ಕಾಲು ಸೀದಾ ಜಾರುವುದಕ್ಕೆ ಅಷ್ಟು ಸಾಕು. ಹಳೆಯ ತೆರೆದ ಬಾವಿಗೆ ಕಟ್ಟೆಯಿತ್ತು, ರಾಟೆಯಿತ್ತು, ದಿನಾ ನೀರು ಸೇದುವ ಹೆಂಗಸರ ಕಣ್ಣು ಅದರ ಮೇಲಿತ್ತು. ಫೇಲಾದ ಬೋರ್ ಕಡೆ ತಲೆ ಹಾಕುವವರು ಮೂರೇ ಜನ: ಮೇಕೆ, ನಾಯಿ, ಮತ್ತು ಅಮ್ಮ ಕಳೆ ಕೀಳುವಾಗ ಬದುವಿನಲ್ಲಿ ಆಡುವ ಮಗು.

ಪಟ್ಟಿ ಹೇಳುವುದಕ್ಕೆ ಸಂಕಟವಾಗುತ್ತದೆ. 2007ರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿ. 2014ರ ಜೂನ್‌ನಲ್ಲಿ ವಿಜಯಪುರದ ನಾಗಠಾಣ, ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ. ಈ ಯಾವ ಊರಿನ ಮಗುವೂ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಹೊಸದಾಗಿ ಕೊರೆದು ಮುಚ್ಚದೆ ಬಿಟ್ಟಿದ್ದ ಬೋರ್‌ಗೆ ತಲೆಕೆಳಗಾಗಿ ಬಿದ್ದ ಕೂಸು ಸುಮಾರು 20 ಗಂಟೆಯ ಬಳಿಕ ಜೀವಂತ ಮೇಲೆ ಬಂತು. ರಾಜ್ಯವೇ ಉಸಿರು ಬಿಟ್ಟಿತು. ಆ ಉಸಿರಿನ ಹಿಂದೆ ಎಷ್ಟು ಕೆಲಸವಿತ್ತೆಂದು ನೆನಪಿಡಬೇಕು. ಬೋರ್‌ನೊಳಗೆ ಕ್ಯಾಮೆರಾ, ಆಮ್ಲಜನಕದ ಕೊಳವೆ. ಪಕ್ಕದಲ್ಲಿ ಹಿಟಾಚಿಯಿಂದ ಇನ್ನೊಂದು ದೊಡ್ಡ ಗುಂಡಿ. ಅದು ಮಗುವಿನ ಮಟ್ಟಕ್ಕೆ ಇಳಿದ ಮೇಲೆ ಕೈಯಲ್ಲಿ ಕಲ್ಲು ಒಡೆದು ಅಡ್ಡ ಸುರಂಗ. ಅಂದರೆ, ಮುಚ್ಚದ ಒಂದು ಸಣ್ಣ ಗಣಿಗಾಗಿ ನಾವು ರಾತ್ರೋರಾತ್ರಿ ಒಂದು ದೊಡ್ಡ ಗಣಿಯನ್ನೇ ತೋಡುತ್ತೇವೆ. ಇಂಥ ಕಾರ್ಯಾಚರಣೆಗೆ ಹಟ್ಟಿ ಚಿನ್ನದ ಗಣಿಯ ನುರಿತವರನ್ನು ಕರೆಸಿದ್ದೂ ಉಂಟು.

ಒಂದೂವರೆ ಲೋಡು ಮಣ್ಣು

ಈಗ ಒಂದು ಲೆಕ್ಕ. ಆರೂವರೆ ಇಂಚು ಅಗಲ, 600 ಅಡಿ ಆಳದ ತೂತಿನ ಒಳಜಾಗ ಎಷ್ಟು? ಸುಮಾರು 140 ಘನ ಅಡಿ. ಟ್ರ್ಯಾಕ್ಟರ್ ಟ್ರೇಲರ್ ಒಂದು ಲೋಡಿಗೆ ನೂರು ಘನ ಅಡಿಯ ಆಸುಪಾಸು ಹಿಡಿಸುತ್ತದೆ. ಅಂದರೆ ಒಂದೂವರೆ ಲೋಡು! ಅದರಲ್ಲೂ ಬಹುಪಾಲು ದೂರದಿಂದ ತರಬೇಕಿಲ್ಲ. ಒಳಗಿಂದ ಬಂದ ಕಲ್ಲುಪುಡಿ ತೂತಿನ ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿರುತ್ತದೆ. ಎಂಟಡಿ ಉದ್ದ, ಆರಡಿ ಅಗಲ, ಇನ್ನೂರಡಿ ಆಳದ ಒಂದು ಗಣಿಬಾವಿ ತುಂಬಬೇಕಾದರೆ 96 ಲೋಡು ಬೇಕು. ಗಣಿ ಮುಚ್ಚುವುದಕ್ಕೆ ಕಂಪನಿ ಬೇಕು, ಬೋರ್ ಮುಚ್ಚುವುದಕ್ಕೆ ಇಬ್ಬರು ಆಳು, ಎರಡು ಸಲಿಕೆ ಸಾಕು.

ಆದರೆ ಸುರಿದರೆ ಮುಗಿಯಿತೆಂದಲ್ಲ. ಪುಡಿಯನ್ನು ಬುಟ್ಟಿಗಟ್ಟಲೆ ಒಮ್ಮೆಗೇ ಸುರಿದರೆ ನಡುದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮೇಲೆ ತುಂಬಿದಂತೆ ಕಾಣುತ್ತದೆ, ಕೆಳಗೆ ಪೊಳ್ಳು. ಒಂದು ದೊಡ್ಡ ಮಳೆಗೆ ಅದು ಕಳಚಿದರೆ ಮತ್ತೆ ಹಳೆಯ ಕತೆ. ಅದಕ್ಕೇ ಮೊದಲು ಸಣ್ಣ ಜಲ್ಲಿ, ಆಮೇಲೆ ಮರಳು, ಕಲ್ಲುಪುಡಿ, ಕೊನೆಗೆ ಮೇಲಿನ ಕೆಲವು ಅಡಿ ಜೇಡಿಮಣ್ಣು. ಎಲ್ಲವನ್ನೂ ನಿಧಾನಕ್ಕೆ, ಬೊಗಸೆ ಬೊಗಸೆಯಾಗಿ. ನಡುನಡುವೆ ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಬಿಟ್ಟು ನೋಡಬೇಕು. ಹಾಕಿದ ಮಣ್ಣಿನ ಲೆಕ್ಕಕ್ಕೂ ಏರಿದ ಮಟ್ಟಕ್ಕೂ ತಾಳೆಯಾಗದಿದ್ದರೆ ಎಲ್ಲೋ ಕಚ್ಚಿದೆ ಎಂದರ್ಥ. ಜೇಡಿಯನ್ನು ದಮ್ಮಸ್ಸು ಮಾಡಿ, ಮೇಲೆ ದಿಬ್ಬದ ಹಾಗೆ ಏರಿಸಿ ಬಿಡಬೇಕು. ಒಂದು ಮುಂಗಾರು ಕಳೆದ ಮೇಲೆ ಕುಸಿದಷ್ಟನ್ನು ಮತ್ತೆ ತುಂಬಬೇಕು. ಇದರಿಂದ ಇನ್ನೊಂದು ಉಪಕಾರವೂ ಇದೆ. ತೆರೆದ ಬೋರ್ ಎಂದರೆ ಹೊಲದ ಗೊಬ್ಬರ, ಔಷಧಿ, ಸಗಣಿ ನೀರು ಸೋಸದೆ ಸೀದಾ ಅಂತರ್ಜಲಕ್ಕೆ ಇಳಿಯುವ ಕೊಳವೆ. ನಿಮ್ಮ ತೂತಿನಲ್ಲಿ ಇಳಿದದ್ದು ಪಕ್ಕದ ಹೊಲದ ನಲ್ಲಿಯಲ್ಲಿ ಬರಬಹುದು.

ಕಾನೂನು ಇಲ್ಲವೆನ್ನುವಂತಿಲ್ಲ. ಮಕ್ಕಳು ಬೋರ್‌ಗೆ ಬೀಳುವುದನ್ನು ಕುರಿತು 2009ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಂದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಎತ್ತಿಕೊಂಡಿತು. 2010ರ ಫೆಬ್ರುವರಿ 11ರಂದು ಮಾರ್ಗಸೂಚಿ ಹೊರಡಿಸಿತು. ಕೊರೆಯುವ 15 ದಿನ ಮುಂಚೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಕೊರೆಯುವ ಏಜೆನ್ಸಿ ನೋಂದಣಿಯಾಗಿರಬೇಕು. ಕೊರೆಯುವಾಗ ಫಲಕ, ಸುತ್ತ ಮುಳ್ಳುತಂತಿ ಬೇಕು. ಕೇಸಿಂಗ್ ಸುತ್ತ ಅರ್ಧ ಮೀಟರ್ ಉದ್ದಗಲದ ಕಾಂಕ್ರೀಟ್ ಕಟ್ಟೆ, ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್. ಬಾಯಿಗೆ ವೆಲ್ಡ್ ಮಾಡಿದ ಉಕ್ಕಿನ ತಗಡು ಅಥವಾ ನಟ್ಟು ಬೋಲ್ಟಿನ ಗಟ್ಟಿ ಮುಚ್ಚಳ. ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು, ತುಂಬಿದ್ದಕ್ಕೆ ಪ್ರಮಾಣಪತ್ರವೂ ಬೇಕು. ಲಚ್ಯಾಣದ ಘಟನೆಯ ಬಳಿಕ 2024ರಲ್ಲೇ ನಮ್ಮ ವಿಧಾನಮಂಡಲ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದು, ಮುಚ್ಚದೆ ಬಿಟ್ಟವರಿಗೆ ಜೈಲು, ದಂಡ ಎರಡನ್ನೂ ಬರೆಯಿತು.

ಎಲ್ಲ ಸರಿ. ಆದರೆ ಆ ರಾತ್ರಿ ಫೇಲಾದ ಬೋರ್ ಮುಂದೆ ನಿಂತ ರೈತನ ಜೇಬಿನಲ್ಲಿ ಏನಿರುತ್ತದೆ? ಲಾರಿಯವರ ಬಿಲ್ಲಿನಲ್ಲಿ ಡ್ರಿಲ್ಲಿಂಗ್ ಉಂಟು, ಕೇಸಿಂಗ್ ಉಂಟು. ಮುಚ್ಚಿದ್ದಕ್ಕೆ ಒಂದು ಸಾಲು ಇರುವುದಿಲ್ಲ. ಅದೊಂದು ಸಾಲು ಸೇರಿಸಿ, ಮುಚ್ಚದೆ ಲಾರಿ ಹೊಲ ಬಿಡುವಂತಿಲ್ಲ ಎಂದರೆ ಕೆಲಸ ಅಲ್ಲೇ ಮುಗಿಯುತ್ತದೆ. ಕಲ್ಲುಪುಡಿ ಇದೆ, ಆಳುಗಳಿದ್ದಾರೆ, ಬೆಳಕಿದೆ. ಗಣಿಗೆ ಮುಂಗಡ ಖಾತರಿ ಕೇಳುವ ದೇಶಕ್ಕೆ ಇದು ಹೊಸ ವಿದ್ಯೆಯಲ್ಲ.

ಆಸೆಗೊಂದು ಮುಚ್ಚಳ

ಹಾಗಾದರೆ ಗಂಗಮ್ಮನ ಬಾಗಿಲಿನ ಮಾತು? ಅದನ್ನು ಮೂಢನಂಬಿಕೆಯೆಂದು ತಳ್ಳುವಂತಿಲ್ಲ. ಬತ್ತಿದ ಬೋರ್‌ಗೆ ನೀರು ಮರಳುವುದುಂಟು. ಪಕ್ಕದ ಚಿತ್ರದುರ್ಗದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿ ಕೊಳವೆಬಾವಿ ಮರುಪೂರಣಕ್ಕೇ ಹೆಸರಾದವರು. ಕೇಸಿಂಗ್ ಸುತ್ತ ಹತ್ತಡಿ ಉದ್ದಗಲದ ಗುಂಡಿ ತೆಗೆದು, ಪೈಪಿಗೆ ತೂತು ಕೊರೆದು ಜಾಲರಿ ಸುತ್ತಿ, ಗುಂಡಿಗೆ ದಪ್ಪಕಲ್ಲು, ಜಲ್ಲಿ, ಮರಳು ಪದರ ಪದರವಾಗಿ ತುಂಬಿ, ಹೊಲದ ಮಳೆನೀರನ್ನು ಸೋಸಿ ಇಳಿಸುವ ವಿಧಾನ ಈ ಸೀಮೆಯ ರೈತರಿಗೆ ಅಪರಿಚಿತವಲ್ಲ. ಅಲ್ಲಿಯೂ ಬಾಯಿಗೆ ಭದ್ರವಾದ ಮುಚ್ಚಳವಿರುತ್ತದೆ. ಸ್ವಲ್ಪವಾದರೂ ನೀರು ಕಂಡಿದ್ದ ಬೋರ್‌ಗೆ ಇದು ಸಲ್ಲುತ್ತದೆ, ಒಂದು ಹನಿಯೂ ಕಾಣದ ಒಣ ತೂತಿಗೆ ಸಲ್ಲುವುದು ಕಡಿಮೆ.

ನನ್ನ ವಾದ ಇಷ್ಟೇ. ಆಸೆ ಬಿಟ್ಟಿದ್ದರೆ ತಳದಿಂದ ಮಣ್ಣು ತುಂಬಬೇಕು. ಆಸೆ ಇದ್ದರೆ ಕಾಂಕ್ರೀಟ್ ಕಟ್ಟೆ, ಬೋಲ್ಟಿನ ಮುಚ್ಚಳ ಹಾಕಬೇಕು. ಸುಪ್ರೀಂ ಕೋರ್ಟು ಹೇಳಿದ್ದೂ ಇವೆರಡನ್ನೇ. ಚಪ್ಪಡಿ, ಚೀಲ, ಜಾಲಿಮುಳ್ಳು ಎಂಬ ಮೂರನೆಯ ದಾರಿ ಆಸೆಯೂ ಅಲ್ಲ, ಎಚ್ಚರವೂ ಅಲ್ಲ. ಪಂಚಾಯಿತಿಯ ಪುಸ್ತಕದಲ್ಲಿ ಸರ್ವೆ ನಂಬರಿನ ಮುಂದೆ ‘ತುಂಬಿದೆ’ ಅಥವಾ ‘ಮುಚ್ಚಳವಿದೆ’ ಎಂದು ಎರಡರಲ್ಲೊಂದು ಬರೆದಿರಬೇಕು. ಅದನ್ನು ನೋಡಿ ಮುಂದಿನ ತಲೆಮಾರು ಎಲ್ಲಿ ಕಾಲಿಡಬಹುದು, ಎಲ್ಲಿ ಮನೆ ಕಟ್ಟಬಹುದು ಎಂದು ತಿಳಿಯುತ್ತದೆ. ನ್ಯಾಮತಿ ಸುತ್ತಿನ ಗುಂಡಿಗಳಿಗೂ ಅಂಥ ಒಂದು ಪುಸ್ತಕ, ಒಂದು ಫಲಕ ಸಲ್ಲಬೇಕಾದದ್ದೇ. ಚನ್ನಗಿರಿಯ ಜೋಳದಾಳ್ ಕಡೆ ಸುಣ್ಣದಕಲ್ಲು, ಕಬ್ಬಿಣ–ಮ್ಯಾಂಗನೀಸಿನ ಪದರಗಳಿವೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಒಂದು ಶಿಲಾಸಮೂಹಕ್ಕೇ ಆ ಊರಿನ ಹೆಸರಿದೆ. ಮುಂದೆ ಅಗೆಯುವವರು ಅಲ್ಲಿಗೂ ಬರಬಹುದು. ಬಂದವರು ಮೊದಲ ದಿನವೇ ಕೊನೆಯ ದಿನದ ಲೆಕ್ಕ ತೋರಿಸಲಿ.

ಎರಡನೇ ಸಲ ಹೋದಾಗ ಜಗಳೂರಿನ ಆ ಹೊಲದಲ್ಲಿ ಚಪ್ಪಡಿ ಇರಲಿಲ್ಲ. ಯಜಮಾನರು ಹಳೆಯ ಕೇಸಿಂಗ್ ಪೈಪಿನ ಎರಡಾಳುದ್ದದ ತುಂಡೊಂದನ್ನು ಬಾಯಿಗೆ ಇಳಿಸಿ, ಸುತ್ತ ಜಲ್ಲಿ ಸಿಮೆಂಟು ಗಿಡಿದು ಕಟ್ಟೆ ಕಟ್ಟಿದ್ದರು. ಮೇಲೆ ನಾಲ್ಕು ಬೋಲ್ಟಿನ ಕಬ್ಬಿಣದ ಮುಚ್ಚಳ, ಕಟ್ಟೆಯ ಪಕ್ಕಕ್ಕೆ ಸುಣ್ಣದಲ್ಲಿ ಬರೆದ ತಾರೀಖು. ಮುಚ್ಚಳಕ್ಕೆ ಯಾರೋ ಕುಂಕುಮವನ್ನೂ ಇಟ್ಟಿದ್ದರು.

‘ಗಂಗಮ್ಮನ ಬಾಗ್ಲು ಹಾಕಿಬಿಟ್ರಾ?’ ಎಂದೆ.

‘ಬಾಗ್ಲು ಎಲ್ಲಿ ಹಾಕಿದ್ವಿ ಸಾರ್,’ ಅವರು ಸ್ಪ್ಯಾನರನ್ನು ಪಂಚೆಗೆ ಒರೆಸುತ್ತಾ ಹೇಳಿದರು. ‘ಚಿಲ್ಕ ಹಾಕೀವಿ ಅಷ್ಟೆ.’